ಸೀರೆ ಬಾಕ್ಸಿನಲ್ಲಿ ಹೋದ ನದಿ

ಕಳೆದ ಸೋಮವಾರ ನಮ್ಮ ಮನೆಯಿಂದ ಒಂದು ನದಿ ಕಳುವಾಯಿತು.

ತಮಾಷೆಯಲ್ಲ. ಬೆಳಿಗ್ಗೆ ರೊಟ್ಟಿ ಬಡಿದು ಮುಗಿಸಿ ಮಾಳಿಗೆಯ ಕೋಣೆಗೆ ಹೋದೆ. ಕಟ್ಟಿಗೆಯ ಚೌಕಟ್ಟು ಗೋಡೆಗೆ ಒರಗಿತ್ತು. ಅದಕ್ಕೆ ಬಿಗಿದಿದ್ದ ನನ್ನ ಪೇಂಟಿಂಗ್ ಮಾಯ! ಮೊಳೆಗಳನ್ನು ಕಿತ್ತು, ನೀಟಾಗಿ ಡಬ್ಬಿಗೆ ಹಾಕಿಟ್ಟಿದ್ದರು. (ಕಳ್ಳ ಇಷ್ಟು ಶಿಸ್ತಿನವನಾದರೆ ಅವನು ಮನೆಯವನೇ.)

ನಾನು ಆಯಿಲ್ ಪೇಂಟಿಂಗ್ ಕಲಿಯುತ್ತಿದ್ದೇನೆ. ರಬಕವಿಯ ನಿವೃತ್ತ ಡ್ರಾಯಿಂಗ್ ಮಾಸ್ತರರೊಬ್ಬರು ಹೇಳಿಕೊಡುತ್ತಾರೆ. ಮೊದಲ ಪಾಠವೇ ನಕಲು. ಇನ್ನೂರು ವರ್ಷದ ಹಿಂದೆ ಯಾರೋ ಬರೆದ ಯುರೋಪಿನ ನದಿ, ಮುರಿದ ಸೇತುವೆ, ಮಂಜು, ಬೆಂಕಿ ಹತ್ತಿದಂಥ ಸಂಜೆಯ ಮೋಡ. ನಾದಿನಿಗೆ ನಗು. "ಹೊಳಿ ಬೇಕಂದ್ರ ತುಬಚಿ ಬಸ್ ಹತ್ತ ವೈನಿ. ಬಣ್ಣ ಯಾಕ ಹಾಳ ಮಾಡ್ತಿ?"

ಆಯಿಲ್ ಬಣ್ಣದ ಹಟ ನಿಮಗೆ ಗೊತ್ತೇ? ಬೇಗ ಒಣಗುವುದೇ ಇಲ್ಲ. ಒಂದು ಪದರ ಹಚ್ಚಿ ದಿನಗಟ್ಟಲೆ ಕಾಯಬೇಕು, ಆಮೇಲೆ ಇನ್ನೊಂದು. ಅಷ್ಟು ಕಾದರೂ ನೀರು ನನಗೆ ಒಲಿದಿರಲಿಲ್ಲ. ಸಿಮೆಂಟ್ ರೋಡಿನಂತೆ ಬಿದ್ದಿತ್ತು. ಕಳುವಿಗೆ ಎರಡು ದಿನ ಮೊದಲು ಸೇತುವೆಯ ಕೆಳಗೆ ಒಂದೆಳೆ ಹಳದಿ ಎಳೆದೆ. ಮಾಸ್ತರರು ಕನ್ನಡಕ ಏರಿಸಿದರು. "ಈಗ ಹರ್ಯಾಕತ್ತೈತಿ ನೋಡ್ರಿ, ಅಕ್ಕಾರ."

ಹರಿಯತೊಡಗಿದ ಆ ನೀರನ್ನು ಒಯ್ದವರು ಯಾರು? ನಮ್ಮ ಯಜಮಾನರು. ಬನಹಟ್ಟಿಯ ಸೀರೆ ವ್ಯಾಪಾರಿ.

"ನಿನ್ನೆ ಚಿಮ್ಮಡದಾಗ ಗೆಳೆಯಾನ ಮಗಳ ಮದುವಿ ಇತ್ತಲ್ಲ, ಆಯಾರಕ್ಕ ಒಯ್ದೆ. ಹ್ಯಾಂಗೂ ಮೂಲ್ಯಾಗ ನಿಂತಿತ್ತು."

"ಹ್ಯಾಂಗ ಒಯ್ದ್ರಿ?"

"ಹ್ಯಾಂಗಂದ್ರ? ಬಟ್ಟಿನ ಅಲ್ಲೇನ ಅದು? ಘಡಿ ಮಾಡಿ ಸೀರಿ ಬಾಕ್ಸಿನ್ಯಾಗ ಇಟ್ಟೆ."

ನಮ್ಮ ಕಡೆ ಮದುವೆಗೆ ಉಡುಗೊರೆ ಕೊಡುವ ಆಯಾರ ಅಂದರೆ ಬಟ್ಟೆ. ಬಟ್ಟೆ ಅಂದರೆ ಮಡಿಕೆ. ಅಂಗೈಯಿಂದ ಒತ್ತಿ ಒತ್ತಿ ಕೂಡಿಸಿದ ಮಡಿಕೆ. ಅದೂ ಹಸಿ ಬಣ್ಣದ ಮೇಲೆ!

ಮಧ್ಯಾಹ್ನ ಮದುಮಗಳ ತಾಯಿಯ ಫೋನು. "ಅಕ್ಕಾರ, ಒಳಗ ಏನೋ ಅಂಟೇತ್ರಿ, ಬಿಚ್ಚಾಕ ಬರವಲ್ತು. ಇದು ಸೀರಿ ಏನ್ರಿ, ಪಡದೆ ಏನ್ರಿ?"

ವಾಪಸ್ ತರಿಸಿ ಮಡಿಕೆ ಬಿಚ್ಚಿದೆ. ಮೋಡ ಸೇತುವೆಗೆ ಮೆತ್ತಿತ್ತು. ನೀರಿದ್ದ ಕಡೆ ಬರೀ ಬಟ್ಟೆ.

ಆಮೇಲೆ ಶುರುವಾಯಿತು ಸಮಾಧಾನ. "ಹಸಿ ಐತಂತ ನನಗೇನ ಗೊತ್ತು?" ಎಂದರು ಯಜಮಾನರು. "ಮಡಚಿದ್ದು ಅಣ್ಣಂದ ತಪ್ಪ ಬಿಡ ವೈನಿ," ಎಂದಳು ನಾದಿನಿ. ಎಲ್ಲರ ಪಶ್ಚಾತ್ತಾಪವೂ ಮಡಿಕೆಯ ಬಗ್ಗೆ. ಒಯ್ದದ್ದರ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ಒಣಗಿದ್ದರೆ ಒಯ್ದದ್ದು ಸರಿಯಾಗುತ್ತಿತ್ತೇ?

ಇದೇ ಮನುಷ್ಯ, ಯಾವನೋ ಗಿರಾಕಿ ಅಂಗಡಿಯಲ್ಲಿ ಮರೆತುಹೋದ ಹರಕು ಕೊಡೆಯನ್ನು ಇವತ್ತಿಗೂ ಕಾಯ್ದಿಟ್ಟಿದ್ದಾರೆ. 'ಮಂದಿ ಸಾಮಾನು' ಅಂತ ಯಾರಿಗೂ ಮುಟ್ಟಗೊಡುವುದಿಲ್ಲ. ಹೆಂಡತಿ ಮಾಡಿದ್ದಕ್ಕೆ ಮಾತ್ರ ಒಡೆಯರಿಲ್ಲ. ನಾನು ಹಾಕಿದ ಉಪ್ಪಿನಕಾಯಿ, ಹೊಲಿದ ಕೌದಿ, ಎಲ್ಲವೂ ಹೀಗೇ ನನ್ನನ್ನು ಕೇಳದೆ ಊರೂರು ಸೇರಿವೆ. ಆಗ ಸುಮ್ಮನಿದ್ದೆ. ಈ ಸಲ ಇಲ್ಲ. ಆ ರಾತ್ರಿ ಮನೆಯಲ್ಲಿ ಒಲೆ ಹತ್ತಲಿಲ್ಲ.

ಹೊಸ ಕ್ಯಾನ್ವಾಸ್ ಬಿಗಿದಿದ್ದೇನೆ. ನಿನ್ನೆ ಯಜಮಾನರು ಬಾಗಿಲಲ್ಲಿ ಇಣುಕಿದರು. ಬಹಳ ಪ್ರೀತಿಯಿಂದಲೇ ಹೇಳಿದರು: "ಈ ಸಲ ಪೂರಾ ಒಣಗಸ. ಮುಧೋಳದಾಗ ಒಂದ ವಾಸ್ತುಶಾಂತಿ ಐತಿ."

ನನ್ನದು ನನಗೆ ಉಳಿಯಬೇಕಾದರೆ ನಾನು ಈ ಮನೆಗೆ ಗಿರಾಕಿಯಾಗಿ ಬರಬೇಕೇ?