ಉಗುರುಬೆಚ್ಚಗಿನ ನೀರಿನ ರೊಟ್ಟಿ

ಮಧ್ಯಾಹ್ನ ಆಫೀಸಿನಲ್ಲಿ ಯಾರೋ ಖಡಕ್ ರೊಟ್ಟಿಯ ಪೊಟ್ಟಣ ಬಿಚ್ಚಿದರು. ಬೆಂದ ಜೋಳದ ಹಿಟ್ಟಿನ ವಾಸನೆ ನನ್ನ ಟೇಬಲ್ಲಿನವರೆಗೂ ಬಂತು ನೋಡಿ, ಕೈಯಲ್ಲಿದ್ದ ಕೆಲಸ ಅಲ್ಲೇ ನಿಂತಿತು. ಕಂಪ್ಯೂಟರಿನಲ್ಲಿ ಹಳೆಯ ಫೈಲೊಂದನ್ನು ಹುಡುಕಿ ತೆರೆದೆ. ಹದಿನಾರು ಸಾಲು. ಹಿಟ್ಟು, ನೀರು, ಒಣಗಿಸಿದ ಜಾಗ, ಮುರಿದ ರೊಟ್ಟಿ... ಕೊನೆಯ ಕಾಲಮ್ಮಿನಲ್ಲಿ ನಾದಿದವರ ಹೆಸರು.

ಆ ಹೆಸರಿನವಳು ಯಲಬುರ್ಗಾದಲ್ಲಿ ನಮ್ಮ ಹಿಂದಿನ ಓಣಿಯಲ್ಲಿದ್ದಳು. ರಕ್ತಸಂಬಂಧವೇನಿಲ್ಲ, ಆದರೂ ಚಿಗವ್ವ ಎನ್ನುತ್ತಿದ್ದೆವು. ಓಣಿಯ ನಾಲ್ವರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ರೊಟ್ಟಿ ಬಡಿದು ಗಂಗಾವತಿಯ ಒಂದು ಅಂಗಡಿಗೆ ಕಳಿಸುತ್ತಿದ್ದಳು. ಓದು ಎರಡನೇ ಇಯತ್ತೆಗೇ ನಿಂತಿತ್ತು, ಬಾಯಿ ಮಾತ್ರ ನಿಂತದ್ದೇ ಇಲ್ಲ.

ಆ ವರ್ಷ ರೊಟ್ಟಿ ಬಸ್ಸಿನಲ್ಲೇ ಮುರಿದು ಚೂರಾಗತೊಡಗಿದವು. ಹೀಗೇ ಆದರೆ ಮುಂದಿನ ತಿಂಗಳಿಂದ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಅಂಗಡಿಯವನು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟ. ಐದು ಮನೆಗಳ ಒಲೆ ಉರಿಯುತ್ತಿದ್ದುದೇ ಆ ಅಂಗಡಿಯಿಂದ. ಚಿಗವ್ವ ಹಿಟ್ಟು ದಪ್ಪ ಬೀಸುತ್ತೀ ಎಂದು ಗಿರಣಿಯವನ ಮೇಲೆ ಹರಿಹಾಯ್ದಳು. ಅವನು, "ನಿಮ್ಮ ಕೈ ನೋಡ್ಕೋರಿ ಮೊದಲ" ಅಂದುಬಿಟ್ಟ. ಅವಳಿಗೆ ಎರಡು ದಿನ ಊಟ ಸೇರಲಿಲ್ಲ.

ನಾನಾಗ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ಲ್ಯಾಪ್‌ಟಾಪಿನಲ್ಲಿ ಹೊಸ ಸಾಫ್ಟ್‌ವೇರು, ತಲೆಯಲ್ಲಿ ಬೇಕಾದಷ್ಟು ಕೊಬ್ಬು. ಪ್ರಯೋಗ ಮಾಡಿಯೇ ನೋಡೋಣ ಎಂದೆ. ಹಿಟ್ಟು ಸಣ್ಣದು ಇಲ್ಲವೇ ದಪ್ಪ. ನೀರು ಕುದಿಯುವುದು ಇಲ್ಲವೇ ಉಗುರುಬೆಚ್ಚಗಿನದು. ಒಣಗಿಸುವುದು ಒಲೆಯ ಪಕ್ಕ ಇಲ್ಲವೇ ನೆರಳಿನಲ್ಲಿ ಬಟ್ಟೆಯ ಮೇಲೆ. ಪ್ರತಿಯೊಂದಕ್ಕೂ ಎರಡೇ ಮಟ್ಟ. ಎಲ್ಲವನ್ನೂ ಎಲ್ಲದರೊಡನೆ ಕೂಡಿಸಿದರೆ ಎಂಟು ಬಗೆ. ಒಂದೊಂದು ಬಗೆ ಎರಡು ಸಲ, ಒಟ್ಟು ಹದಿನಾರು ಬುಟ್ಟಿ. ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದನ್ನು ಸಾಫ್ಟ್‌ವೇರೇ ಚೀಟಿ ಎತ್ತಿದ ಹಾಗೆ ಕಲಸಿ ಕೊಡುತ್ತಿತ್ತು. ಬುಟ್ಟಿಗಳು ಬಸ್ಸಿನಲ್ಲಿ ಕೊಪ್ಪಳಕ್ಕೆ ಹೋಗಿ ಬರಬೇಕು, ಬಂದ ಮೇಲೆ ಮುರಿದ ರೊಟ್ಟಿ ಎಣಿಸಬೇಕು.

"ಒಂದೊಂದ ಬದಲಿ ಮಾಡಿ ನೋಡಿದ್ರ ಸಾಲೂದಿಲ್ಲೇನು?" ಅಂದಳು ಚಿಗವ್ವ.

"ಎರಡು ಕೂಡಿದಾಗ ಬ್ಯಾರೇನ ಆಗತೈತಿ ಚಿಗವ್ವಾ."

"ಹೌದ್ ಬಿಡು, ಅತ್ತಿ ಸೊಸಿ ಇದ್ದಂಗ. ಒಬ್ಬೊಬ್ರ ಇದ್ದಾಗ ಇಬ್ರೂ ಭಾಳ ಛಲೋ!"

ನಮ್ಮ ಮೇಡಮ್ಮು ಒಂದು ವಾರ ಕಲಿಸಿದ ಪಾಠವನ್ನು ಅವಳು ಒಂದೇ ಮಾತಿನಲ್ಲಿ ಮುಗಿಸಿದ್ದಳು.

ಎರಡು ದಿನ ರೊಟ್ಟಿ ಬಡಿದರು. ನೀರು ಕಾಯಿಸಿ ಸುರಿದು ಹಿಟ್ಟು ಕಲಸಿಕೊಡುವ ಕೆಲಸ ಚಿಗವ್ವನದೇ. ಎಣಿಕೆಯನ್ನೆಲ್ಲ ತುಂಬಿ ಗುಂಡಿ ಒತ್ತಿದೆ. ಪರದೆಯ ಮೇಲೆ ಪಟ್ಟಿಗಳ ಚಿತ್ರ ಮೂಡಿತು; ಪಟ್ಟಿ ಉದ್ದವಿದ್ದಷ್ಟೂ ರೊಟ್ಟಿ ಮುರಿಯುವುದರಲ್ಲಿ ಅದರ ಪಾಲು ಹೆಚ್ಚು. ಒಣಗಿಸುವುದರ ಪಟ್ಟಿ ಉದ್ದಕ್ಕೆ ಚಾಚಿತ್ತು, ಹಿಟ್ಟಿನದು ಗಿಡ್ಡ, ನೀರಿನದು ಇದ್ದೂ ಇಲ್ಲದಂತೆ. ಒಲೆಯ ಪಕ್ಕ ಒಣಗಿಸುವುದೇ ತಪ್ಪು, ನೀರು ಹೇಗಿದ್ದರೂ ನಡೆಯುತ್ತದೆ, ಇನ್ನು ಮುಂದೆ ಉಗುರುಬೆಚ್ಚಗಿದ್ದರೆ ಸಾಕು ಎಂದು ಎಲ್ಲರೆದುರು ಭಾಷಣ ಬಿಗಿದೆ. ಹೆಣ್ಣುಮಕ್ಕಳು ಖುಷಿಯಾದರು; ಕುದಿನೀರಿನ ಹಿಟ್ಟಿಗೆ ಬೆರಳು ಸುಟ್ಟುಕೊಂಡವರೇ ಎಲ್ಲ.

ಚಿಗವ್ವ ಮಾತ್ರ ಆ ಸಣ್ಣ ಪಟ್ಟಿಯನ್ನೇ ನೋಡುತ್ತ ಕೂತಿದ್ದಳು.

"ಮಷಿನ್ನಿಂದ ತಪ್ಪಿಲ್ಲ ಯವ್ವಾ. ಸುಳ್ಳು ಹೇಳಿದಾಕಿ ನಾನು. ಬೆಚ್ಚನ ನೀರಿನ ಹಿಟ್ಟು ಕೈಯಾಗ ಹರಿಯಾಕ ಹತ್ತಿತ್ತು. ಬಸ್ಸಿನಾಗ ನಾಕ ಮಂದಿ ನೋಡಿ ಇದೆಂಥಾ ರೊಟ್ಟಿ ಅಂತಾರಂತ ಜೀವ ತಡೀಲಿಲ್ಲ. ಎಲ್ಲಾ ಬುಟ್ಟಿಗೂ ಕುದಿನೀರ ಹಾಕೀನಿ."

ನನಗೆ ಸಿಟ್ಟು ನೆತ್ತಿಗೇರಿತು. ಎರಡು ದಿನದ ಕೆಲಸ ನೀರುಪಾಲು! ಬಾಯಿಗೆ ಬಂದದ್ದನ್ನು ಅಂದೆ ಕೂಡ. ಆಮೇಲೆ ಹೊಳೆಯಿತು... ಅವಳು ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನ್ನ ಮಾತು ಕೇಳಿ ಎಲ್ಲರೂ ಬೆಚ್ಚಗಿನ ನೀರು ಹಾಕುತ್ತಿದ್ದರು, ಅಂಗಡಿ ಕೈ ಬಿಡುತ್ತಿತ್ತು. ತನ್ನ ಕೈಕೆಳಗೆ ಕೆಲಸ ಮಾಡುವವರ ಮುಂದೆಯೇ ಆ ಮಾತು ಆಡಿದ್ದಳು.

"ಮತ್ತ ಮಾಡೂಣು," ಅಂದಳು. "ಕೆಟ್ಟ ರೊಟ್ಟಿಗೆಲ್ಲಾ ನನ್ನ ಹೆಸರ ಬರಿ. ಅವನ್ನ ನಾನ ನಾದತೀನಿ, ಛಲೋವನ್ನ ಇವರು ನಾದಲಿ."

ಹಾಗೆ ಮಾಡಿದರೆ ನೀರಿನ ಗುಣ ಯಾವುದು, ಕೈಯ ಗುಣ ಯಾವುದು ಎಂದು ತಿಳಿಯುವುದಿಲ್ಲ, ಹದಿನಾರೂ ಒಂದೇ ಕೈಯಿಂದ ಆಗಬೇಕು ಎಂದೆ. ಅರವತ್ತು ದಾಟಿದ ಕೈ ಅದು. ಒಮ್ಮೆ ಅಂಗೈ ನೋಡಿಕೊಂಡು ಸೆರಗು ಸಿಕ್ಕಿಸಿದಳು.

ಬೆಚ್ಚಗಿನ ನೀರಿನ ಹಿಟ್ಟು ಅವಳ ಅಂಗೈ ಕೆಳಗೆ ಬಿರಿಯುತ್ತಿತ್ತು, ಅಂಚು ಹರಿಯುತ್ತಿತ್ತು. ಹೆಣ್ಣುಮಕ್ಕಳು ಮುಸಿಮುಸಿ ನಕ್ಕರು. ತೇಪೆ ಹಚ್ಚಲು ಅವಳ ಬೆರಳು ತಾನಾಗಿಯೇ ಹೋಗುತ್ತಿತ್ತು. ಅವಳೇ ಬೈದು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಬಸ್ಸಿನ ಕಂಡಕ್ಟರ್ ಬುಟ್ಟಿಗೆ ಇಣುಕಿ, "ಏನಬೇ, ಈ ಸಲ ಹರಕ ರೊಟ್ಟಿ?" ಅಂದ. "ಹೌದ್ರಿ, ನಾನ ಮಾಡೀನಿ. ಬೇಕಂತಲೇ ಮಾಡೀನಿ," ಅಂದಳು, ಇಡೀ ಬಸ್ಸಿಗೆ ಕೇಳುವಂತೆ. ಅವತ್ತು ಅವಳ ಪಕ್ಕ ನಿಂತಿದ್ದಕ್ಕೆ ನನಗೆ ಇವತ್ತಿಗೂ ಹೆಮ್ಮೆ.

ಈ ಸಲ ನೀರಿನ ಪಟ್ಟಿ ಎಲ್ಲಕ್ಕಿಂತ ಉದ್ದ. ನೀರು ಬೆಚ್ಚಗಿದ್ದರೆ ಎಲ್ಲಿ ಒಣಗಿಸಿದರೂ ರೊಟ್ಟಿ ಮುರಿಯುತ್ತದೆ. ಕುದಿನೀರಿನಲ್ಲಿ ನಾದಿ ನೆರಳಲ್ಲಿ ಒಣಗಿಸಿದರೆ ಮಾತ್ರ ಉಳಿಯುತ್ತದೆ. ಹಿಟ್ಟಿನ ತಪ್ಪೇನಿಲ್ಲ. ಆ ವರ್ಷ ಆರ್ಡರಿನ ಅವಸರಕ್ಕೆ ರೊಟ್ಟಿಯನ್ನು ಒಲೆಯ ಪಕ್ಕಕ್ಕೆ ಸರಿಸಿದವಳು ಚಿಗವ್ವನೇ. ಅವತ್ತೇ ಸಂಜೆ ಗಿರಣಿಗೆ ಹೋಗಿ, "ತಪ್ಪು ನಂದೈತ್ರಿ, ನಿಮ್ಮದಲ್ಲ" ಎಂದು ಹೇಳಿ ಬಂದಳು. ಗಂಗಾವತಿಯ ಅಂಗಡಿ ಉಳಿಯಿತು.

ಈಗ ಬೇರೆಯವರ ಪ್ರಯೋಗಗಳ ಲೆಕ್ಕ ನೋಡುವುದೇ ನನ್ನ ಕೆಲಸ. ಫಲಿತಾಂಶ ತೀರಾ ಚೆಂದ ಕಂಡರೆ, ಯಾರೋ ಎಲ್ಲೋ ಕುದಿನೀರು ಹಾಕಿರಬೇಕು ಎಂದು ಮನಸ್ಸು ಅಳುಕುತ್ತದೆ.

ಹೋದ ವರ್ಷ ಚಿಗವ್ವ ತೀರಿಕೊಂಡಳು. ಸುದ್ದಿ ತಡವಾಗಿ ಬಂತು, ಮಣ್ಣಿಗೆ ಹೋಗಲಾಗಲಿಲ್ಲ. ಅವತ್ತು ಸಿಟ್ಟಿನಲ್ಲಿ ಅಂದದ್ದಕ್ಕೆ ತಪ್ಪಾಯಿತು ಎಂದೂ ಹೇಳಿರಲಿಲ್ಲ...

ಪೊಟ್ಟಣ ಬಿಚ್ಚಿದವರು ಅರ್ಧ ರೊಟ್ಟಿ ತಂದು ನನ್ನ ಟೇಬಲ್ಲಿನ ಮೇಲಿಟ್ಟರು. ಅದನ್ನು ಮುರಿಯುತ್ತ ಹಳೆಯ ಫೈಲಿನ ಲೆಕ್ಕವನ್ನು ಮತ್ತೊಮ್ಮೆ ಓಡಿಸಿದೆ. ಸಾಫ್ಟ್‌ವೇರು ತಕರಾರು ತೆಗೆಯಿತು: ಕೊನೆಯ ಕಾಲಮ್ಮಿನ ಹದಿನಾರು ಸಾಲಿನಲ್ಲೂ ಒಂದೇ ಹೆಸರಿದೆ, ಇದು ಲೆಕ್ಕಕ್ಕೆ ಬರುವುದಿಲ್ಲ, ತೆಗೆದುಹಾಕಲೇ?

ಬೇಡ ಎಂದು ಒತ್ತಿದೆ.