ಏಟು ತಿನ್ನುವ ಬಾಗಿಲು

ನಮ್ಮ ಶೆಡ್ಡಿನ ಹಿಂದಿನ ಗೋಡೆಗೆ ಹಳೆಯ ಕಾರಿನ ಬಾಗಿಲೊಂದನ್ನು ನೇತುಹಾಕಿದ್ದೆವು. ಯಾವ ಕಾರಿನದೋ, ಯಾವ ಕಾಲದ್ದೋ. ಅದರ ಮೈಯಲ್ಲಿ ಅಂಗೈಯಗಲದ ಜಾಗವೂ ನೆಟ್ಟಗೆ ಉಳಿದಿರಲಿಲ್ಲ. ಸುತ್ತಿಗೆಯ ಏಟು ತಿಂದು ತಿಂದು ತಗಡು ಅಲ್ಲಲ್ಲಿ ಹರಿದೇ ಹೋಗಿತ್ತು. ಹೊಸ ಗಿರಾಕಿಗಳು ಅದನ್ನು ನೋಡಿ, "ಇದನ್ನೂ ಸರಿ ಮಾಡ್ತೀರಾ?" ಎಂದು ಕೇಳುತ್ತಿದ್ದರು. "ಇಲ್ಲ ಸ್ವಾಮಿ, ಇದೇ ನಮ್ಮ ಮೇಸ್ತ್ರೀನ ಸರಿ ಮಾಡುತ್ತೆ" ಎನ್ನುತ್ತಿದ್ದೆ ನಾನು.

ಗುದ್ದಿಸಿಕೊಂಡು ಬಂದ ಕಾರುಗಳ ನೆಗ್ಗು ತೆಗೆಯುವುದು ಮೇಸ್ತ್ರಿಯ ಕೆಲಸ. ಅದರ ಮೇಲೆ ಬಣ್ಣ ಹೊಡೆಯುವುದು ನನ್ನದು. ಬಿಚ್ಚುವುದು, ಜೋಡಿಸುವುದು, ಗಿರಾಕಿಗಳನ್ನು ಮಾತಿನಲ್ಲಿ ಕೂರಿಸುವುದು ಮೇಸ್ತ್ರಿಯ ತಮ್ಮನದು. ನೆಗ್ಗು ತೆಗೆಯುವುದಕ್ಕೆ ಬಲ ಬೇಡ. ಒಳಗಡೆ ಕಬ್ಬಿಣದ ಗಟ್ಟಿ ಒತ್ತಿ ಹಿಡಿದು ಹೊರಗಿಂದ ಮೆಲ್ಲಗೆ ತಟ್ಟುತ್ತಾ ಹೋಗಬೇಕು. ಜೋರಾಗಿ ಒಂದೇಟು ಬಿತ್ತೋ, ತಗಡು ಹಿಗ್ಗಿಬಿಡುತ್ತದೆ. ಆಮೇಲೆ ಕಣ್ಣು ಮುಚ್ಚಿ ಅಂಗೈಯಿಂದ ಸವರಿ ನೋಡಬೇಕು; ಕಣ್ಣಿಗೆ ಕಾಣದ ಉಬ್ಬುತಗ್ಗು ಕೈಗೆ ಸಿಗುತ್ತದೆ. ಇಂಥ ನಾಜೂಕಿನ ಕೆಲಸ ಇಂಥ ಮನುಷ್ಯನಿಗೆ ಹೇಗೆ ಒಲಿಯಿತೋ ನನಗಂತೂ ತಿಳಿಯದು. ಮೇಸ್ತ್ರಿಗೆ ಮೂಗಿನ ತುದಿಯಲ್ಲೇ ಕೋಪ ಎಂದರೆ ತಪ್ಪಾಗುತ್ತದೆ. ಮೂಗಿನ ಮೇಲೆ ನಿಲ್ಲುವ ತಾಳ್ಮೆ ಆ ಕೋಪಕ್ಕಿರಲಿಲ್ಲ, ನೇರವಾಗಿ ಕೈಗೇ ಬರುತ್ತಿತ್ತು.

ಎರಡು ವರ್ಷದ ಹಿಂದೆ ತಮ್ಮನ ಕೈಯಿಂದ ದೀಪದ ಗಾಜು ಜಾರಿ ಒಡೆಯಿತು. ಮೇಸ್ತ್ರಿ ಕೆನ್ನೆಗೆ ಬಿಗಿದ. ಎಡಗಿವಿಯಿಂದ ರಕ್ತ ಇಳಿದು ತಮ್ಮನ ಕಾಲರು ನೆನೆಯಿತು. ಆ ಕಿವಿ ಮತ್ತೆ ಕೇಳಲೇ ಇಲ್ಲ. ಅಪ್ಪ ಅಮ್ಮ ಹೋದಮೇಲೆ ತಾನೇ ಉಣಿಸಿ ಸಾಕಿದ ತಮ್ಮ ಅವನು. ತನಗೊಂದು ಮದುವೆ ಅಂತಲೂ ಯೋಚಿಸದ ಮೇಸ್ತ್ರಿಗೆ ಆ ತಮ್ಮನ ಮನೆ ಬಿಟ್ಟರೆ ಬೇರೆ ಮನೆಯಿಲ್ಲ. ಆಸ್ಪತ್ರೆಯಲ್ಲಿ ತಮ್ಮನ ಹೆಂಡತಿ ಕೂಗಾಡಲಿಲ್ಲ, ಅಳಲೂ ಇಲ್ಲ. "ಭಾವ, ಇನ್ನೊಂದು ಸಲ ಇವರ ಮೇಲೆ ನಿಮ್ಮ ಕೈ ಬಿದ್ರೆ ಅವತ್ತೇ ಗಂಟುಮೂಟೆ ಕಟ್ಕೊಂಡು ಹೋಗ್ತೀವಿ. ಆಮೇಲೆ ನೀವ್ಯಾರೋ ನಾವ್ಯಾರೋ" ಎಂದಳು. ಆಡಿದ್ದನ್ನು ಮಾಡಿಯೇ ತೀರುವ ಹೆಣ್ಣುಮಗಳು.

ಬಾಗಿಲನ್ನು ತಂದು ನೇತುಹಾಕಿದವನು ತಮ್ಮನೇ. "ಸಿಟ್ಟು ಬಂದ್ರೆ ಇದಕ್ಕೆ ಹೊಡಿ ಅಣ್ಣ, ಇದಕ್ಕೆ ಹೆಂಡತಿ ಇಲ್ಲ" ಎಂದಿದ್ದ.

ಮೊದಮೊದಲು ಮೇಸ್ತ್ರಿ ಎಲ್ಲರೆದುರೇ ಅದಕ್ಕೆ ಬಡಿಯುತ್ತಿದ್ದ. ಬರುಬರುತ್ತಾ ತಮ್ಮನ ಮುಂದೆ ನಾಚಿಕೆಯಾಯಿತೋ ಏನೋ, ಬೆಳಗ್ಗೆ ಅವನಿಗಿಂತ ಮೊದಲೇ ಬಂದು ಶೆಡ್ಡಿನ ಹಿಂದೆ ಹೋಗಿ ಚಚ್ಚತೊಡಗಿದ. ನನ್ನ ಮನೆ ಪಕ್ಕದಲ್ಲೇ ಇದ್ದದ್ದರಿಂದ ಆ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು. ಸಾಕಷ್ಟು ಚಚ್ಚಿ, ಬೆವರು ಒರೆಸಿಕೊಂಡು, ತಮ್ಮ ಬರುವ ಹೊತ್ತಿಗೆ ಸನ್ಯಾಸಿಯ ಹಾಗೆ ಕೂತಿರುತ್ತಿದ್ದ. ತಮ್ಮ ಪಾಪ, "ನಮ್ಮಣ್ಣ ಆ ಬಾಗಿಲ ಕಡೆ ತಿರುಗಿಯೂ ನೋಡಲ್ಲ ಈಗ" ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಅವತ್ತು ಮೇಸ್ತ್ರಿ ಎದ್ದ ಗಳಿಗೆಯೇ ಸರಿಯಿರಲಿಲ್ಲ. ಮೈಗೆಲ್ಲ ಸೋಪು ಹಚ್ಚಿಕೊಂಡಾಗ ನಲ್ಲಿ ನಿಂತಿತು. ನೀರು ಹೊತ್ತು ತಂದು ಸ್ನಾನ ಮುಗಿಸುವಷ್ಟರಲ್ಲಿ ತಡವಾಯಿತು. ದಾರಿಯಲ್ಲಿ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ಬಂದ ಅವನನ್ನು ನೋಡಿ ನಾನು ನಕ್ಕುಬಿಟ್ಟೆ. ಕೈಯಲ್ಲಿದ್ದ ಚಪ್ಪಲಿ ನನ್ನ ಕಿವಿಯ ಪಕ್ಕದಿಂದ ಹಾದು ಗೋಡೆಗೆ ಬಡಿಯಿತು. ಎಂದೂ ಇಲ್ಲದ ಹಾಗೆ ತಮ್ಮ ಅವತ್ತು ಮೊದಲೇ ಬಂದಿದ್ದ. ಹಾಗಾಗಿ ಬೆಳಗಿನ ಬಡಿತ ತಪ್ಪಿತು. ಮೇಸ್ತ್ರಿ ಹಲ್ಲು ಕಚ್ಚಿಕೊಂಡು ಕೆಲಸಕ್ಕೆ ಕೂತ.

ಮುಂದಿದ್ದದ್ದು ಒಂದು ಕಾರಿನ ಬಾನೆಟ್ಟು. ಮೂರು ದಿನ ತಟ್ಟಿ ತಟ್ಟಿ ಕನ್ನಡಿಯಂತೆ ಮಾಡಿಟ್ಟಿದ್ದ, ಮೂಲೆಯೊಂದು ಬಾಕಿ. ಗಿರಾಕಿ ಫೋನ್ ಮಾಡಿ "ಆಯ್ತಾ?" ಎಂದ. ಅರ್ಧ ಗಂಟೆಗೆ ಮತ್ತೆ "ಆಯ್ತಾ?" ಹತ್ತನೇ ನಂಬರಿನ ಸ್ಪ್ಯಾನರು ಕಾಣಲಿಲ್ಲ. ಅದು ಯಾವ ಶೆಡ್ಡಿನಲ್ಲೂ ಬೇಕಾದಾಗ ಕಾಣುವುದಿಲ್ಲ, ಆದರೆ ಮೇಸ್ತ್ರಿ ಟೂಲ್ ಪೆಟ್ಟಿಗೆಯನ್ನೇ ನೆಲಕ್ಕೆ ಕವುಚಿ ಹುಡುಕಿದ. ಚಹಾ ಚೆಲ್ಲಿತು, ಸ್ಟೂಲಿಗೆ ಒದ್ದ, ಅದರ ಕಾಲು ಮುರಿಯಿತು. ಬೋಲ್ಟಿನ ತಲೆ ಸವೆದು ತಿರುಗದೆ ಕೂತಿತು. ಅದರ ಅಪ್ಪ ಅಮ್ಮನನ್ನೆಲ್ಲ ಬೈದು ಬಡಿದ ಏಟು ಜಾರಿ ಹೆಬ್ಬೆರಳ ಮೇಲೆ ಬಿತ್ತು, ಉಗುರು ಎದ್ದು ರಕ್ತ ಚಿಮ್ಮಿತು. ಅಷ್ಟಾದರೂ ತಡೆದುಕೊಂಡ, ಸುಳ್ಳಾಡಬಾರದು. ಬಟ್ಟೆ ಸುತ್ತಿಕೊಂಡು ಮತ್ತೆ ಕೂತ. ಮಧ್ಯಾಹ್ನದ ಹೊತ್ತಿಗೆ ಕರೆಂಟು ಹೋಯಿತು, ನನ್ನ ಕಂಪ್ರೆಸರು ನಿಂತಿತು. ಆ ನಿಶ್ಶಬ್ದದಲ್ಲಿ ಫೋನು ಮತ್ತೆ ಹೊಡೆದುಕೊಂಡಿತು.

ಮೇಸ್ತ್ರಿ ಎದ್ದ. ಯಾರು ನೋಡಿದರೇನು ಎಂದು ದೊಡ್ಡ ಸುತ್ತಿಗೆ ಎತ್ತಿಕೊಂಡು ಶೆಡ್ಡಿನ ಹಿಂದಕ್ಕೆ ಹೋದ. ಗೋಡೆಯಲ್ಲಿ ಎರಡು ಕೊಕ್ಕೆ ಮಾತ್ರ ಇದ್ದವು.

"ಎಲ್ಲೋ ಅದು?" ಸುತ್ತಿಗೆ ಹಿಡಿದೇ ಶೆಡ್ಡಿನೊಳಕ್ಕೆ ವಾಪಸು ಬಂದು ಅವನು ಕೂಗಿದ್ದಕ್ಕೆ ನನ್ನ ಕೈಯಲ್ಲಿದ್ದ ಬಣ್ಣದ ಡಬ್ಬಿ ಜಾರಿತು.

ತಮ್ಮ ನಗುನಗುತ್ತಾ ಬಂದ. "ಬೆಳಗ್ಗೆ ಗುಜರಿಯವನಿಗೆ ಕೊಟ್ಬಿಟ್ಟೆ ಅಣ್ಣ. ಅದಕ್ಕೇ ಬೇಗ ಬಂದಿದ್ದು. ನಿಂಗಿನ್ನು ಅದ್ಯಾಕೆ?"

ಸುತ್ತಿಗೆ ಮೇಲಕ್ಕೆ ಹೋಯಿತು. ಮೇಸ್ತ್ರಿಯ ಕಣ್ಣಲ್ಲಿ ತಮ್ಮ ಇರಲಿಲ್ಲ, ಯಾರೂ ಇರಲಿಲ್ಲ. ನಾನು ಓಡಿದೆ, ಆದರೆ ನಡುವೆ ಕಾರಿತ್ತು. ತಮ್ಮ ಓಡಲಿಲ್ಲ. ನಗು ಆರಿದ ಮುಖವನ್ನು ಮೆಲ್ಲಗೆ ಒಂದು ಪಕ್ಕಕ್ಕೆ ತಿರುಗಿಸಿದ.

"ಈ ಕಡೆಗೇ ಹೊಡಿ ಅಣ್ಣ. ಇದು ಹೇಗಿದ್ರೂ ಹೋಗಿದೆ."

ಮೇಸ್ತ್ರಿಯ ಗಂಟಲಿಂದ ಒಂದು ಸದ್ದು ಬಂತು. ಅಂಥದ್ದನ್ನು ನಾನು ಇನ್ನೊಮ್ಮೆ ಕೇಳಲಾರೆ. ತಿರುಗಿದವನೇ ಬಾನೆಟ್ಟಿಗೆ ಬಡಿಯತೊಡಗಿದ. ಮೊದಲ ಏಟಿಗೆ ಅದು ನಡುವಿನಲ್ಲಿ ಕುಸಿಯಿತು. ಎರಡನೆಯದಕ್ಕೆ ಅಂಚು ಹರಿಯಿತು. ಹರಿದ ತಗಡು ಮುಂಗೈ ಸೀಳಿತು, ಅದು ಅವನಿಗೆ ತಿಳಿಯಲೂ ಇಲ್ಲ. ಮೂರು ದಿನದ ಕೆಲಸವನ್ನು ಮುದ್ದೆ ಮಾಡಿ, ಮುದ್ದೆಯನ್ನೂ ಬಡಿದ. ಗಾಜಿಗೆ, ಬಂಪರಿಗೆ, ನೆಲಕ್ಕೆ ರಕ್ತ ಸಿಡಿಯಿತು. ತೋಳು ಸೋತು ಏಳದಾದಾಗ ನಿಲ್ಲಿಸಿದ. ಬೆರಳುಗಳು ಮಾತ್ರ ಹಿಡಿಕೆ ಬಿಡಲಿಲ್ಲ. ತಮ್ಮ ಒಂದೊಂದಾಗಿ ಬಿಡಿಸಿ ಸುತ್ತಿಗೆ ತೆಗೆದಿಟ್ಟ.

ಅದೇ ಹೊತ್ತಿಗೆ ತಮ್ಮನ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ರಕ್ತ ನೋಡಿದಳು. ಡಬ್ಬಿ ಕೆಳಗಿಟ್ಟು ಗಂಡನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಅಂಗೈಯಿಂದ ಕೆನ್ನೆ, ಕಿವಿ, ತಲೆ ಸವರಿದಳು.

"ಏನೂ ಆಗಿಲ್ಲ ಕಣೇ. ಅಣ್ಣ ಸುಮ್ನೆ..." ಎಂದು ತಮ್ಮ ತೊದಲಿದ.

"ಎತ್ತಿದೆ" ಎಂದ ಮೇಸ್ತ್ರಿ, ನೆಲ ನೋಡುತ್ತಾ. "ಕೈ ಎತ್ತಿದೆ ಕಣಮ್ಮ. ಸುತ್ತಿಗೆ ಇತ್ತು ಕೈಯಲ್ಲಿ."

ಅವಳು ಬಾನೆಟ್ಟನ್ನು ಬಹಳ ಹೊತ್ತು ನೋಡಿದಳು. ಅದರಲ್ಲಿ ತನ್ನ ಗಂಡನ ತಲೆಯನ್ನು ನೋಡುತ್ತಿದ್ದಳೆಂದು ನನಗನ್ನಿಸಿತು.

"ಇಳಿದದ್ದು ಇದರ ಮೇಲಾ?"

"ಹೂಂ."

"ಹೋಗಿ ರಕ್ತ ತೊಳ್ಕೊಳ್ಳಿ ಭಾವ. ಅನ್ನ ಆರುತ್ತೆ" ಎಂದಳು. ಡಬ್ಬಿ ಬಿಚ್ಚಿ ಬಡಿಸತೊಡಗಿದಳು.

ಗಿರಾಕಿಗೆ ಹೊಸ ಬಾನೆಟ್ಟು ತಂದು ಹಾಕಿಕೊಟ್ಟೆವು. ಹಳೆಯದನ್ನು ಅವತ್ತೇ ಸಂಜೆ ಅಣ್ಣತಮ್ಮಂದಿರು ಆಚೆ ಈಚೆ ಹಿಡಿದು ಹಿಂದಕ್ಕೆ ಒಯ್ದು ಅದೇ ಕೊಕ್ಕೆಗಳಿಗೆ ನೇತುಹಾಕಿದರು. ಮುಚ್ಚಿಟ್ಟು ಫಲವಿಲ್ಲವೆಂದು ಬೆಳಗಿನ ಬಡಿತದ ಸಂಗತಿಯನ್ನು ನಾನು ಹೇಳಿಬಿಟ್ಟೆ. ತಮ್ಮ ಅಣ್ಣನ ಮುಖವನ್ನೇ ನೋಡಿದ.

"ದಿನಾ?"

ಮೇಸ್ತ್ರಿ ತಲೆಯಾಡಿಸಿದ.

"ಇನ್ಮೇಲೆ ಕದ್ದು ಹೊಡೀಬೇಡ. ನಾನಿದ್ದಾಗ್ಲೇ ಹೊಡಿ."

"ತುಂಬಾ ಸದ್ದಾಗುತ್ತೆ ಕಣೋ."

"ಆಗ್ಲಿ ಬಿಡಣ್ಣ" ಎಂದ ತಮ್ಮ. "ನಂಗೆ ಅರ್ಧ ತಾನೇ ಕೇಳೋದು."