ಸಾಲ್ಮೆಲಾ ಮನೆಯ ಚಿಮಣಿಗೆ ಎರಡು ಕೊಳವೆ

ಅಮೆರಿಕದ ಡುಲೂತ್ ಊರಿನ ಗುಡ್ಡದ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೆಳಗೆ ಸರೋವರದಿಂದ ಹಬೆ ಏಳುತ್ತಿದೆ. ಡೋರೀನ್ ಲಿಂಡ್‌ಕ್ವಿಸ್ಟ್ ಸೊಂಟಕ್ಕೆ ಹಗ್ಗ ಬಿಗಿದು ಮಾಡಿನ ಮೇಲೆ ಮಂಡಿಯೂರಿದ್ದಾರೆ. ಬಾಗುವ ಲೋಹದ ಕೊಳವೆಯೊಂದನ್ನು ಇಟ್ಟಿಗೆಯ ಚಿಮಣಿಯೊಳಕ್ಕೆ ಮೊಳ ಮೊಳವಾಗಿ ಇಳಿಬಿಡುತ್ತಿದ್ದಾರೆ. ಅಂಗಳದಲ್ಲಿ ನಿಂತ ಮನೆಯ ಯಜಮಾನ, ಎಂಬತ್ತರ ಆರ್ವಿಡ್ ಸಾಲ್ಮೆಲಾ ಕೂಗುತ್ತಾರೆ: "ಹುಷಾರು ಕಣಮ್ಮಾ! ಆ ಚಿಮಣಿ ನಾನೇ ಕಟ್ಟಿದ್ದು."

"ಗೊತ್ತು ಬಿಡಿ, ಅದಕ್ಕೇ ಸೊಟ್ಟಗಿದೆ!" ಮೇಲಿನಿಂದ ಉತ್ತರ ಬರುತ್ತದೆ.

ಡೋರೀನ್‌ಗೆ ಐವತ್ತೆಂಟು. ಮನೆಗಳಲ್ಲಿ ಗ್ಯಾಸ್ ಅಗ್ಗಿಷ್ಟಿಕೆ ಕೂರಿಸಿ ಅದರ ಹೊಗೆಗೆ ದಾರಿ ಮಾಡಿಕೊಡುವುದು ಇಪ್ಪತ್ತೆರಡು ವರ್ಷಗಳ ಕಸುಬು. ಚಳಿಗಾಲವೊಂದಕ್ಕೆ ತೊಂಬತ್ತು ಮನೆ. ಅದಕ್ಕೂ ಮೊದಲು ಶಾಲೆಯ ಬಸ್ಸು ಓಡಿಸುತ್ತಿದ್ದರು.

ಕಸುಬಿಗೆ ಬಂದ ಎರಡನೇ ವರ್ಷ ತಂಗಿ ಕ್ಯಾರಿನ್ ಮನೆಗೆ ಹೊಗೆಕೊಳವೆಯೇ ಬೇಡದ ಗ್ಯಾಸ್ ಒಲೆ ಹಾಕಿಕೊಟ್ಟರು. ಕೆಲಸ ಹಗುರ, ಶಾಖವೆಲ್ಲ ಮನೆಯಲ್ಲೇ. ಆದರೆ ತೇವವೂ ಕೆಟ್ಟ ಗಾಳಿಯೂ ಮನೆಯಲ್ಲೇ ಉಳಿದವು. ತಿಂಗಳೊಳಗೆ ಕಿಟಕಿಗಳಲ್ಲಿ ನೀರಿಳಿಯಿತು, ಗೋಡೆ ಬೂಸ್ಟು ಹಿಡಿಯಿತು, ತಂಗಿಗೆ ದಿನವೂ ತಲೆನೋವು. "ನಾನೇ ಹಾಕಿದ್ದೆ, ನಾನೇ ಕಿತ್ತೆ. ಅವಳು ಒಂದು ಮಾತೂ ಅನ್ನಲಿಲ್ಲ. ಬೈದಿದ್ರೆ ವಾಸಿಯಿತ್ತು" ಎನ್ನುತ್ತಾರೆ ಡೋರೀನ್.

ಆರ್ವಿಡ್ ಅವರ ಹೆಂಡತಿ ಐಲಿಗೆ ಶ್ವಾಸಕೋಶದ ತೊಂದರೆ. ವೈದ್ಯರು ಸೌದೆಯ ಹೊಗೆ ಕೂಡದೆಂದಿದ್ದಾರೆ. ಎರಡು ಚಳಿಗಾಲದಿಂದ ಮನೆ ಬೆಚ್ಚಗಿಡುವ ಸೌದೆ ಒಲೆ ತಣ್ಣಗಿದೆ. ಕಳೆದ ವಾರ ಡೋರೀನ್ ಬಂದಾಗ ಆರ್ವಿಡ್ ಪಟ್ಟು ಹಿಡಿದಿದ್ದರು: "ಗ್ಯಾಸಿನ ಒಲೆ ಇಡು, ಹೊಗೆ ಚಿಮಣಿಯಲ್ಲಿ ಹೋಗಲಿ. ಕೊಳವೆಗೆ ಅಂತ ಗೋಡೆಗೆ ತೂತು ಹೊಡೆಯೋದು ಬೇಡ. ನನ್ನ ಚಿಮಣಿ ಇರೋದ್ಯಾಕೆ?"

ಡೋರೀನ್ ವಾದಕ್ಕಿಳಿಯಲಿಲ್ಲ. ಕಿಟಕಿಗಳನ್ನು ಮುಚ್ಚಿ, ಅಡುಗೆಮನೆಯ ಗಾಳಿ ಹೊರದೂಡುವ ಫ್ಯಾನು ಹಾಕಿ, ಬೆಂಕಿಕಡ್ಡಿ ಗೀರಿ ಆರಿಸಿ ಒಲೆಯ ಬಾಯಿಗೆ ಹಿಡಿದರು. ಹೊಗೆ ಮೇಲೇರಲಿಲ್ಲ. ತಿರುಗಿ, ಐಲಿ ಕುಳಿತಿದ್ದ ಕುರ್ಚಿಯತ್ತ ಹರಿಯಿತು. ಆರ್ವಿಡ್ ಹೋಗಿ ಆ ಕುರ್ಚಿಯನ್ನು ಒಲೆಯಿಂದ ದೂರಕ್ಕೆ ಎಳೆದರು.

"ಮನೆಗೆ ಒಂದು ಸಂದೂ ಇಲ್ಲ, ಫ್ಯಾನು ಹೊರಗೆ ದೂಡಿದಷ್ಟು ಗಾಳಿ ಒಳಗೆ ಬರ್ತಿಲ್ಲ, ಅದಕ್ಕೆ ಚಿಮಣಿಯಿಂದ ಎಳ್ಕೊಳ್ತಿದೆ. ನಿಮ್ಮ ಕೈಕೆಲಸದ ತಪ್ಪಲ್ಲ" ಎಂದರು ಡೋರೀನ್. "ಪೂರ್ತಿ ಗಾಜು ಮುಚ್ಚಿದ ಒಲೆ ಇಡ್ತೀನಿ. ಗಾಳಿ ಬರಕ್ಕೊಂದು ಕೊಳವೆ, ಹೊಗೆ ಹೋಗಕ್ಕೊಂದು. ಎರಡನ್ನೂ ನಿಮ್ಮ ಚಿಮಣಿಯೊಳಗೇ ಇಳಿಸ್ತೀನಿ. ಗೋಡೆ ಮುಟ್ಟಲ್ಲ."

"ಅದನ್ನ ಮೊದಲೇ ಹೇಳಬಾರದಿತ್ತಾ?" ಆರ್ವಿಡ್ ಗೊಣಗಿದರು.

"ನೀವು ಅವಳಿಗೆ ಬಾಯಿ ಬಿಡಕ್ಕೆ ಬಿಟ್ರೆ ತಾನೇ!" ಐಲಿ ನಕ್ಕರು.

ಇವತ್ತು ಮಧ್ಯಾಹ್ನದ ಹೊತ್ತಿಗೆ ಗಾಜಿನ ಹಿಂದೆ ಜ್ವಾಲೆ ಏಳುತ್ತದೆ. ಡೋರೀನ್ ವಿಷಗಾಳಿ ಅಳೆಯುವ ಯಂತ್ರವನ್ನು ಮೂಲೆಮೂಲೆಗೂ ಹಿಡಿಯುತ್ತಾರೆ. ಸೊನ್ನೆ. ಫ್ಯಾನು ಹಾಕಿ ಮತ್ತೊಮ್ಮೆ. ಈಗಲೂ ಸೊನ್ನೆ. ಐಲಿ ತಮ್ಮ ಕುರ್ಚಿಯನ್ನು ತಾವೇ ಒಲೆಯ ಹತ್ತಿರಕ್ಕೆ ಎಳೆದುಕೊಂಡು ಅಂಗೈ ಚಾಚುತ್ತಾರೆ. "ಆರ್ವಿಡ್, ಊಟ ಇಲ್ಲಿಗೇ ತಗೊಂಡು ಬನ್ನಿ."

ಏಲಕ್ಕಿ ಬ್ರೆಡ್ಡಿನ ತುಂಡು ತಿಂದು ಮುಗಿಸಿ ಡೋರೀನ್ ಬೂಟಿನ ಲೇಸು ಕಟ್ಟುತ್ತಾರೆ. "ಜನ ಬೆಂಕಿ ನೋಡ್ತಾರೆ, ಕೊಳವೆ ಯಾರೂ ನೋಡಲ್ಲ. ನೋಡೋದೂ ಬೇಡ. ಬೆಳಿಗ್ಗೆ ಮನೆಯೋರೆಲ್ಲ ಎದ್ದು ಕಾಫಿ ಕುಡಿದ್ರೆ, ನನ್ನ ಕೆಲಸ ಸರಿಯಾಗಿದೆ ಅಂತ ಅರ್ಥ."